ಉಮ್ರಾದ ಹಣ ಮುಳುಗಿದಾಗ ಸಬ್‌ರ್ ಯಾರು ಮಾಡಬೇಕು?

ನನ್ನ ಚಿಕ್ಕಮ್ಮ ಉಮ್ರಾಕ್ಕೆ ಹೊರಡುವ ಹದಿನೈದು ದಿನ ಮೊದಲೇ ಮನೆ ಮನೆಗೆ ಹೋಗಿ ಮಾಫಿ ಕೇಳಿ ಬಂದಿದ್ದರು. ನಮ್ಮಲ್ಲಿ ಅದು ವಾಡಿಕೆ. ಪವಿತ್ರ ಯಾತ್ರೆಗೆ ಹೋಗುವವರು ನೆರೆಹೊರೆಯವರಲ್ಲಿ, ಬಂಧುಗಳಲ್ಲಿ, ಎಂದೋ ಮಾತು ಬಿಟ್ಟವರಲ್ಲಿಯೂ, ಗೊತ್ತಿದ್ದೋ ಗೊತ್ತಿಲ್ಲದೆಯೋ ಆದ ತಪ್ಪುಗಳನ್ನು ಮನ್ನಿಸಿ ಎಂದು ಕೇಳಿಕೊಳ್ಳುತ್ತಾರೆ. ಹತ್ತು ವರ್ಷಗಳಿಂದ ಮಾತಿಲ್ಲದ ನಾದಿನಿಯ ಮನೆಗೂ ಅವರು ಹೋಗಿದ್ದರು. ಇಬ್ಬರೂ ಅಪ್ಪಿಕೊಂಡು ಅತ್ತಿದ್ದರಂತೆ.

ವಿಮಾನಕ್ಕೆ ಆರು ದಿನಗಳಿರುವಾಗ ಏಜೆನ್ಸಿಯ ಶಟರ್ ಮುಚ್ಚಿತು. ಫೋನ್ ಸ್ವಿಚ್ ಆಫ್ ಆಯಿತು. ಮೂರನೆಯ ದಿನ ಯಾತ್ರಿಕರ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಧ್ವನಿಸಂದೇಶ ಬಂತು. ಸಲಾಮ್ ಹೇಳಿ, ಹಮ್ದ್ ಹೇಳಿ, ಕಂಪೆನಿ ದಿವಾಳಿಯಾಗಿದೆ, ಇದು ಅಲ್ಲಾಹನ ವಿಧಿ, ಎಲ್ಲರೂ ದುಆ ಮಾಡಬೇಕು ಎಂದು ಆ ಸಹೋದರ ಹೇಳಿದ್ದ. ಮೂವತ್ತನಾಲ್ಕು ಮಂದಿ. ತಲೆಗೆ 92,000 ರೂಪಾಯಿ. ಚಿಕ್ಕಮ್ಮ ತನ್ನ ಎರಡು ಬಳೆಗಳನ್ನು ಮಾರಿ ಕೊಟ್ಟ ಹಣ ಅದು. ಅದಕ್ಕೆ ಸಿಕ್ಕಿದ್ದ ರಸೀದಿ ಎಂದರೆ ಒಂದು ವಿಸಿಟಿಂಗ್ ಕಾರ್ಡಿನ ಹಿಂಬದಿಯಲ್ಲಿ ಪೆನ್ನಿನಲ್ಲಿ ಬರೆದ ಅಂಕಿ.

ನಂತರದ ಶುಕ್ರವಾರ ಮಸೀದಿಯ ಕಚೇರಿಯಲ್ಲಿ ಒಂದು ಸಭೆ ಸೇರಿತು. ಹಿರಿಯರೊಬ್ಬರು ಬಹಳ ಮೆಲುದನಿಯಲ್ಲಿ ಹೇಳಿದರು: "ಅವನೂ ನಮ್ಮವನೇ. ಪೊಲೀಸು, ಕೋರ್ಟು ಎಂದು ಹೋದರೆ ಸಮುದಾಯದ ಮಾನ ಹೋಗುತ್ತದೆ. ಸಬ್‌ರ್ ಮಾಡಿ. ಇಲ್ಲಿ ಸಿಗದಿದ್ದರೆ ಆಖಿರತ್ತಿನಲ್ಲಿ ಸಿಗುತ್ತದೆ." ಚಿಕ್ಕಮ್ಮ ಏನೂ ಹೇಳಲಿಲ್ಲ. ಮನೆಗೆ ಬಂದು, "ಇನ್ನು ಊರವರ ಮುಖ ಹೇಗೆ ನೋಡುವುದು ಮಗಾ, ಹೋಗಿ ಬರುತ್ತೇನೆ ಎಂದು ಎಲ್ಲರಿಗೂ ಹೇಳಿ ಆಗಿದೆ" ಎಂದರು. ಹಣ ಕಳೆದುಕೊಂಡವರಿಗೆ ನಾಚಿಕೆ, ಕಳೆದವನಿಗೆ ದುಆ. ಈ ಲೇಖನ ಆ ಸಭೆಗೆ ನಾನು ಅಂದು ಕೊಡಲಾಗದ ಉತ್ತರ.

ಮೊದಲಿಗೆ ಒಂದು ಮಾತು ಸ್ಪಷ್ಟವಾಗಲಿ. ಪ್ರವಾಸದ ಕಂಪೆನಿಗಳು ದಿವಾಳಿಯಾಗುವುದು ಆಶ್ಚರ್ಯದ ಸಂಗತಿಯಲ್ಲ. ಈ ವ್ಯಾಪಾರದ ಸ್ವಭಾವವೇ ಅಂತಹದ್ದು. ಗಿರಾಕಿ ತಿಂಗಳುಗಟ್ಟಲೆ ಮೊದಲೇ ಪೂರ್ತಿ ಹಣ ಕೊಡುತ್ತಾನೆ. ಸೇವೆ ಸಿಗುವುದು ನಂತರ. ನಡುವಿನ ಆ ಕಾಲದಲ್ಲಿ ಹಣ ವ್ಯಾಪಾರಿಯ ಕೈಯಲ್ಲಿರುತ್ತದೆ. ರಜಬ್ ತಿಂಗಳ ಗುಂಪಿನ ಹಣದಲ್ಲಿ ಜುಮಾದಲ್ ಆಖಿರ್ ಗುಂಪಿನ ಹೋಟೆಲ್ ಬಾಕಿ ತೀರುತ್ತದೆ, ರಮಝಾನ್ ಗುಂಪಿನ ಮುಂಗಡದಲ್ಲಿ ರಜಬ್ ಗುಂಪಿನ ಟಿಕೆಟ್ ಆಗುತ್ತದೆ. ಗುಂಪುಗಳು ಬರುತ್ತಿರುವ ತನಕ ಎಲ್ಲವೂ ಸರಾಗ. ರಿಯಾಲ್‌ನ ದರ ಏರಿದಾಗ, ವಿಮಾನದ ದರ ಇಮ್ಮಡಿಯಾದಾಗ, ಅಥವಾ ಮಾಲಕ ಅದೇ ಹಣದಲ್ಲಿ ಒಂದು ಸೈಟು ಕೊಂಡಾಗ ಸರಪಳಿ ತುಂಡಾಗುತ್ತದೆ. ಆ ಹೊತ್ತಿಗೆ ಸಾಲಿನ ತುದಿಯಲ್ಲಿ ನಿಂತಿದ್ದವರ ಹಣ ಹೋಗುತ್ತದೆ. ಇದರಲ್ಲಿ ವಿಧಿಯ ಪಾಲಿಗಿಂತ ಲೆಕ್ಕದ ಪಾಲು ದೊಡ್ಡದು.

ಜಗತ್ತಿನ ಅತ್ಯಂತ ಹಳೆಯ ಪ್ರವಾಸಿ ಕಂಪೆನಿಗಳಲ್ಲಿ ಒಂದಾದ ಬ್ರಿಟನ್ನಿನ ಥಾಮಸ್ ಕುಕ್ ಹೀಗೆಯೇ ಕುಸಿಯಿತು. 1841ರಲ್ಲಿ ಆರಂಭವಾದ ಆ ಸಂಸ್ಥೆ 2019ರ ಸೆಪ್ಟೆಂಬರ್ 23ರ ನಸುಕಿನಲ್ಲಿ ಬಾಗಿಲು ಮುಚ್ಚಿತು. (ಅದೇ ಹೆಸರಿನ ಭಾರತೀಯ ಕಂಪೆನಿ ಅಷ್ಟರಲ್ಲಿ ಬೇರೆ ಮಾಲಕರದ್ದಾಗಿತ್ತು, ಅದಕ್ಕೆ ಈ ಕುಸಿತ ತಟ್ಟಲಿಲ್ಲ.) ನಮ್ಮ ಓದುಗರಲ್ಲಿ ಅನೇಕರಿಗೆ ತಿಳಿದಿರಲಾರದ ಸಂಗತಿಯೆಂದರೆ, ಈ ಥಾಮಸ್ ಕುಕ್‌ಗೂ ನಮ್ಮ ಹಜ್ಜ್ ಯಾತ್ರೆಗೂ ಹಳೆಯ ನಂಟಿದೆ. 1880ರಲ್ಲಿ 'ಜಿದ್ದಾ' ಎಂಬ ಹೆಸರಿನ ಉಗಿಹಡಗು ಸುಮಾರು ಒಂದು ಸಾವಿರ ಯಾತ್ರಿಕರನ್ನು ಹೊತ್ತು ಸಾಗುತ್ತಿದ್ದಾಗ ನೀರು ನುಗ್ಗಿತು. ಕಪ್ತಾನನೂ ಅಧಿಕಾರಿಗಳೂ ಯಾತ್ರಿಕರನ್ನು ಬಿಟ್ಟು ದೋಣಿಯಲ್ಲಿ ಪಾರಾಗಿ, ಹಡಗು ಮುಳುಗಿತೆಂದು ಏಡನ್‌ನಲ್ಲಿ ವರದಿ ಕೊಟ್ಟರು. ಮರುದಿನ ಅದೇ ಹಡಗು, ಯಾತ್ರಿಕರ ಸಹಿತ, ಇನ್ನೊಂದು ಹಡಗಿನಿಂದ ಎಳೆಯಲ್ಪಟ್ಟು ಬಂದರಿಗೆ ಬಂತು! ಯಾತ್ರಿಕರ ಸಾಗಾಟದಲ್ಲಿನ ಇಂತಹ ಹಗರಣಗಳ ಹಿನ್ನೆಲೆಯಲ್ಲಿ ಬ್ರಿಟಿಷ್ ಭಾರತ ಸರಕಾರ 1886ರಲ್ಲಿ ಹಜ್ಜ್ ಯಾತ್ರಿಕರ ವ್ಯವಸ್ಥೆಯನ್ನು ಥಾಮಸ್ ಕುಕ್ ಸಂಸ್ಥೆಗೆ ವಹಿಸಿತು. ಲಾಭವಿಲ್ಲವೆಂದು ಸಂಸ್ಥೆ ಕೆಲವೇ ವರ್ಷಗಳಲ್ಲಿ ಅದನ್ನು ಬಿಟ್ಟುಕೊಟ್ಟಿತು. ಯಾತ್ರಿಕನನ್ನು ನಡುನೀರಿನಲ್ಲಿ ಬಿಟ್ಟು ದೋಣಿ ಹತ್ತುವವರ ಕಥೆ ನಮಗೆ ಹೊಸತಲ್ಲ ಎಂಬುದಕ್ಕಾಗಿ ಇದನ್ನು ಹೇಳಿದೆ.

ಈಗ 2019ಕ್ಕೆ ಬರೋಣ. ಕಂಪೆನಿ ಮುಚ್ಚಿದ ದಿನ ಒಂದೂವರೆ ಲಕ್ಷಕ್ಕಿಂತ ಹೆಚ್ಚು ಬ್ರಿಟಿಷ್ ಪ್ರವಾಸಿಗರು ಹೊರದೇಶಗಳಲ್ಲಿದ್ದರು. ಟುನೀಶಿಯಾದ ಹಮ್ಮಾಮೆತ್‌ನ ಒಂದು ಹೋಟೆಲಿನಲ್ಲಿ ಬಾಕಿ ಹಣ ಕೊಡದೆ ಹೊರಬಿಡುವುದಿಲ್ಲವೆಂದು ಗೇಟು ಮುಚ್ಚಿದರೆಂದು ಅತಿಥಿಗಳು ದೂರಿದರು. ಆದರೆ ಯಾರೂ ಬೀದಿಪಾಲಾಗಲಿಲ್ಲ. ಎರಡು ವಾರಗಳಲ್ಲಿ ಅಲ್ಲಿನ ನಾಗರಿಕ ವಿಮಾನಯಾನ ಪ್ರಾಧಿಕಾರ ನೂರಾರು ವಿಮಾನಗಳನ್ನು ಬಾಡಿಗೆಗೆ ಪಡೆದು ಅವರನ್ನು ಮನೆಗೆ ತಲುಪಿಸಿತು. ಹೊರಡದೆ ಉಳಿದಿದ್ದ ಪ್ಯಾಕೇಜ್ ಗಿರಾಕಿಗಳಿಗೆ ಹಣ ಮರಳಿತು. ಕಾರಣ, ಅಲ್ಲಿ 'ಅಟಾಲ್' ಎಂಬ ವ್ಯವಸ್ಥೆ ಇದೆ. ವಿಮಾನ ಸಹಿತ ಪ್ರವಾಸದ ಪ್ಯಾಕೇಜ್ ಮಾರುವವನು ಪರವಾನಿಗೆ ಪಡೆಯಲೇಬೇಕು, ಪ್ರತಿ ಯಾತ್ರಿಕನ ತಲೆಗೆ ಎರಡೂವರೆ ಪೌಂಡ್ ಒಂದು ರಕ್ಷಣಾ ನಿಧಿಗೆ ಕಟ್ಟಲೇಬೇಕು, ಗಿರಾಕಿಗೆ ಪ್ರಮಾಣಪತ್ರ ಕೊಡಲೇಬೇಕು. 1973ರಲ್ಲಿ ಪರವಾನಿಗೆ ಬಂತು. ಮರುವರ್ಷವೇ ಕೋರ್ಟ್ ಲೈನ್ ಎಂಬ ಕಂಪೆನಿ ಕುಸಿದು ಹತ್ತಾರು ಸಾವಿರ ಮಂದಿ ಪರದೇಶದಲ್ಲಿ ಸಿಕ್ಕಿಕೊಂಡ ಮೇಲೆ ನಿಧಿಯೂ ಬಂತು. ಅಂದರೆ ಅವರೂ ಪೆಟ್ಟು ತಿಂದೇ ಕಲಿತರು. ಬ್ರಿಟನ್ನಿನ ಮುಸ್ಲಿಮನೊಬ್ಬ ವಿಮಾನ ಸಹಿತವಾದ ಉಮ್ರಾ ಪ್ಯಾಕೇಜನ್ನು ಅಲ್ಲಿನ ಏಜೆಂಟನಿಂದ ಕೊಂಡರೆ ಆ ಏಜೆಂಟನಿಗೂ ಇದೇ ನಿಯಮ. ಉಮ್ರಾ ಎಂಬ ಕಾರಣಕ್ಕೆ ವಿನಾಯಿತಿ ಇಲ್ಲ.

ಅಲ್ಲಿನ ವ್ಯವಸ್ಥೆಗಳೂ ಪರಿಪೂರ್ಣವಲ್ಲ, ಒಪ್ಪುತ್ತೇನೆ. ಥಾಮಸ್ ಕುಕ್‌ನ ಜರ್ಮನ್ ಶಾಖೆ ಅದೇ ವಾರ ಬಿದ್ದಾಗ ಅಲ್ಲಿನ ವಿಮೆಗೆ 110 ಮಿಲಿಯನ್ ಯೂರೋ ಮಿತಿ ಇತ್ತು. ನಷ್ಟ ಅದನ್ನು ಮೀರಿತು. ಉಳಿದುದನ್ನು ಸರಕಾರವೇ ಭರಿಸಬೇಕಾಯಿತು. 2021ರಲ್ಲಿ ಜರ್ಮನಿ ಕಾನೂನು ಬದಲಿಸಿ ಪ್ರತ್ಯೇಕ ಪ್ರವಾಸ ರಕ್ಷಣಾ ನಿಧಿಯನ್ನು ಸ್ಥಾಪಿಸಿತು. ರಂಧ್ರ ಕಂಡಲ್ಲಿ ಅದನ್ನು ಮುಚ್ಚಿದರು. ಸಬ್‌ರ್ ಮಾಡಿ ಎಂದು ಪ್ರಯಾಣಿಕರಿಗೆ ಉಪದೇಶಿಸಲಿಲ್ಲ.

ಅದೇ 2019ರಲ್ಲಿ ನಮ್ಮ ದೇಶದಲ್ಲಿ ಏನಾಯಿತು? ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್ ಹಾರಾಟ ನಿಲ್ಲಿಸಿತು. ಅಕ್ಟೋಬರ್‌ನಲ್ಲಿ, 1758ರಷ್ಟು ಹಿಂದಿನ ಇತಿಹಾಸ ಹೇಳಿಕೊಳ್ಳುತ್ತಿದ್ದ ಕಾಕ್ಸ್ ಆ್ಯಂಡ್ ಕಿಂಗ್ಸ್ ಎಂಬ ಪ್ರವಾಸಿ ಕಂಪೆನಿ ದಿವಾಳಿ ಪ್ರಕ್ರಿಯೆಗೆ ಸೇರಿತು. 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ವಿಮಾನ ಸಂಸ್ಥೆ ತಾನಾಗಿಯೇ ದಿವಾಳಿ ಅರ್ಜಿ ಹಾಕಿತು. ಟಿಕೆಟು, ಪ್ಯಾಕೇಜು ಕೊಂಡಿದ್ದವರು ರಾತ್ರಿ ಬೆಳಗಾಗುವುದರೊಳಗೆ 'ಸಾಲ ಕೊಟ್ಟವರು' ಆದರು. 2016ರ ದಿವಾಳಿ ಸಂಹಿತೆಯ ಪ್ರಕಾರ, ಕಂಪೆನಿ ಪ್ರಕ್ರಿಯೆಗೆ ಸೇರಿದ ಕೂಡಲೇ ಅದರ ವಿರುದ್ಧದ ಮೊಕದ್ದಮೆಗಳೆಲ್ಲ ಸ್ಥಗಿತವಾಗುತ್ತವೆ. ಗ್ರಾಹಕ ಆಯೋಗದಲ್ಲಿ ಹೂಡಿದ ದಾವೆಯೂ ಹಾಗೆಯೇ. ಕೊನೆಗೆ ಆಸ್ತಿ ಮಾರಿ ಹಂಚುವಾಗ ಮೊದಲು ಪ್ರಕ್ರಿಯೆಯ ವೆಚ್ಚ, ಬಳಿಕ ಕಾರ್ಮಿಕರು ಮತ್ತು ಅಡವು ಇಟ್ಟುಕೊಂಡ ಬ್ಯಾಂಕುಗಳು, ಬಳಿಕ ಇತರ ನೌಕರರು, ಅಡವಿಲ್ಲದ ಹಣಕಾಸು ಸಾಲಗಾರರು, ಸರಕಾರದ ಬಾಕಿ. 'ಉಳಿದ ಸಾಲಗಳು' ಎಂಬ ಪಂಕ್ತಿಯಲ್ಲಿ, ಷೇರುದಾರರಿಗಿಂತ ತುಸು ಮೇಲೆ, ಪ್ರಯಾಣಿಕ ಕೂತಿರುತ್ತಾನೆ. ಪಾತ್ರೆ ಅಲ್ಲಿಗೆ ಬರುವಷ್ಟರಲ್ಲಿ ತಳ ಕಾಣುತ್ತದೆ.

ಸರಕಾರಕ್ಕೆ ಉಪಾಯ ಗೊತ್ತಿಲ್ಲ ಎಂದೇನೂ ಅಲ್ಲ. ಮನೆ ಕೊಳ್ಳುವವರು ಹೀಗೆಯೇ ಮೋಸಹೋದಾಗ 2016ರ ರೇರಾ ಕಾಯ್ದೆ ಬಂತು: ಗಿರಾಕಿ ಕೊಟ್ಟ ಹಣದ ನೂರಕ್ಕೆ ಎಪ್ಪತ್ತು ಪಾಲನ್ನು ಆ ಯೋಜನೆಗಾಗಿಯೇ ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿ ಇಡಬೇಕು. 2018ರಲ್ಲಿ ದಿವಾಳಿ ಸಂಹಿತೆಯನ್ನೇ ತಿದ್ದಿ ಮನೆ ಖರೀದಿದಾರರಿಗೆ ಬ್ಯಾಂಕುಗಳ ಜೊತೆ ಕೂರುವ ಹಕ್ಕನ್ನು ಕೊಡಲಾಯಿತು. ಪ್ರವಾಸದ ಹಣಕ್ಕೆ ಮಾತ್ರ ಇವೆರಡೂ ಇಲ್ಲ. ವಿದೇಶ ಪ್ರವಾಸದ ಪ್ಯಾಕೇಜ್ ಮಾರುವಾಗ ಮೂಲದಲ್ಲೇ ತೆರಿಗೆ ಸಂಗ್ರಹಿಸುವ ನಿಯಮ 2020ರ ಅಕ್ಟೋಬರ್‌ನಿಂದ ಜಾರಿಯಲ್ಲಿದೆ. ಯಾರು ಎಷ್ಟು ಪ್ಯಾಕೇಜ್ ಮಾರಿದರು ಎಂಬ ಲೆಕ್ಕ ಸರಕಾರದ ಬಳಿಯಿದೆ ಎಂದಾಯಿತು. ತೆರಿಗೆ ವಸೂಲಿಗೆ ಸಾಕಾದ ಆ ಲೆಕ್ಕ ಯಾತ್ರಿಕನ ರಕ್ಷಣೆಗೆ ಯಾಕೆ ಸಾಲದು? ಪ್ರವಾಸೋದ್ಯಮ ಸಚಿವಾಲಯ ಏಜೆಂಟರಿಗೆ ಕೊಡುವ ಮಾನ್ಯತೆ ಐಚ್ಛಿಕ, ಬೇಕಾದವರು ಪಡೆಯಬಹುದು. ಹಜ್ಜ್‌ಗಾದರೂ ಅಲ್ಪಸಂಖ್ಯಾತ ವ್ಯವಹಾರಗಳ ಸಚಿವಾಲಯ ಖಾಸಗಿ ಆಯೋಜಕರನ್ನು ನೋಂದಾಯಿಸಿ ಪಟ್ಟಿ ಪ್ರಕಟಿಸುತ್ತದೆ. ಉಮ್ರಾಕ್ಕೆ ಒಂದು ಫ್ಲೆಕ್ಸ್ ಮತ್ತು ಒಂದು ಫೋನ್ ನಂಬರ್ ಇದ್ದರೆ ಸಾಕು.

ಪಟ್ಟಿ ಇದ್ದ ಮಾತ್ರಕ್ಕೆ ಎಲ್ಲ ಸರಿಯಿರುತ್ತದೆ ಎಂದೂ ಅಲ್ಲ. 2025ರಲ್ಲಿ ಖಾಸಗಿ ಆಯೋಜಕರ ಪಾಲಿಗೆ 52,507 ಹಜ್ಜ್ ಸ್ಥಾನಗಳಿದ್ದವು. ಸಕಾಲದಲ್ಲಿ ಪಾವತಿ, ಒಪ್ಪಂದಗಳು ಪೂರ್ಣಗೊಳ್ಳದ ಕಾರಣ ಬಹುಪಾಲು ಕೈತಪ್ಪಿ, ಕೊನೆಗೆ 10,000 ಮಂದಿಗಷ್ಟೇ ಸೌದಿ ಸರಕಾರ ಮತ್ತೆ ಅವಕಾಶ ತೆರೆಯಿತು. ಅದು ದಿವಾಳಿಯಲ್ಲ. ಆದರೆ ಹಣ ಕೊಟ್ಟು ಇಹ್ರಾಮ್ ಬಟ್ಟೆ ತಂದಿಟ್ಟುಕೊಂಡು ಕುಳಿತವರ ಪಾಡು ಬೇರೆಯೇನೂ ಆಗಿರಲಿಲ್ಲ.

ಇದರಲ್ಲೊಂದು ವಿಚಿತ್ರ ಗಮನಿಸಿ. ಟಿಕೆಟ್ ಮಾರಲು ಅಂತಾರಾಷ್ಟ್ರೀಯ ವಿಮಾನಯಾನ ಸಂಘದ, ಅಂದರೆ ಅಯಾಟಾದ ಮಾನ್ಯತೆ ಬೇಕಾದ ಏಜೆಂಟ್ ಬ್ಯಾಂಕ್ ಗ್ಯಾರಂಟಿಯಂತಹ ಭದ್ರತೆಯನ್ನು ಒದಗಿಸಬೇಕಾಗುತ್ತದೆ. ಏಜೆಂಟ್ ಮುಳುಗಿದರೂ ವಿಮಾನ ಸಂಸ್ಥೆಗಳ ಹಣ ಮುಳುಗಬಾರದು ಎಂಬುದೇ ಅದರ ಉದ್ದೇಶ. ಸಾವಿರಾರು ಕೋಟಿಯ ವಿಮಾನ ಸಂಸ್ಥೆ ನಮ್ಮೂರಿನ ಏಜೆಂಟನನ್ನು ಬರೇ ಮಾತಿನ ಮೇಲೆ ನಂಬುವುದಿಲ್ಲ. ನನ್ನ ಚಿಕ್ಕಮ್ಮ ನಂಬಬೇಕು. ಹಾಗೆ ನಂಬದಿದ್ದರೆ ಅವರಲ್ಲಿ ತವಕ್ಕುಲ್ ಕಡಿಮೆ!

ಇನ್ನು ದೀನಿನ ಮಾತು. ದಿವಾಳಿಯಾದವನ ಬಗ್ಗೆ ಇಸ್ಲಾಮ್ ಕಠಿಣವಾಗಿದೆ ಎಂದು ನಾನು ವಾದಿಸುವುದಿಲ್ಲ. ಸಾಲಗಾರ ನಿಜಕ್ಕೂ ಸಂಕಷ್ಟದಲ್ಲಿದ್ದರೆ ಅನುಕೂಲವಾಗುವ ತನಕ ಕಾಲಾವಕಾಶ ಕೊಡಬೇಕೆಂದು ಸೂರಃ ಅಲ್ ಬಕರದ 280ನೆಯ ವಚನ ಆದೇಶಿಸುತ್ತದೆ; ಬಿಟ್ಟುಬಿಟ್ಟರೆ ಇನ್ನೂ ಒಳ್ಳೆಯದು ಎನ್ನುತ್ತದೆ. ಕೊಂಡ ಹಣ್ಣಿನ ಫಸಲು ಹಾಳಾಗಿ ಸಾಲದಲ್ಲಿ ಮುಳುಗಿದ ವ್ಯಕ್ತಿಯೊಬ್ಬನಿಗೆ ದಾನ ನೀಡುವಂತೆ ಪ್ರವಾದಿ(ಸ) ಜನರಿಗೆ ಹೇಳಿದರು. ಅದೂ ಸಾಲದೆ ಹೋದಾಗ, ಸಿಕ್ಕಿದ್ದನ್ನು ತೆಗೆದುಕೊಳ್ಳಿ, ಅದಕ್ಕಿಂತ ಹೆಚ್ಚು ನಿಮಗಿಲ್ಲ ಎಂದು ಸಾಲ ಕೊಟ್ಟವರಿಗೆ ಸೂಚಿಸಿದರೆಂದು ಸಹೀಹ್ ಮುಸ್ಲಿಮ್‌ನಲ್ಲಿ ವರದಿಯಾಗಿದೆ. ಆದರೆ ಆ ಘಟನೆಯ ಕ್ರಮವನ್ನು ನೋಡಬೇಕು. ಆ ಮನುಷ್ಯ ಫೋನ್ ಬಂದ್ ಮಾಡಿ ಕುಳಿತಿರಲಿಲ್ಲ. ಅವನಲ್ಲಿ ಇದ್ದದ್ದನ್ನೆಲ್ಲ ಮುಂದೆ ಇಡಲಾಯಿತು. ಸಾಲ ಕೊಟ್ಟವರ ಹಕ್ಕನ್ನು ಮೊದಲು ಒಪ್ಪಲಾಯಿತು. ರಿಯಾಯಿತಿ ಬಂದದ್ದು ಆಮೇಲೆ. ಕೊಡಲು ಶಕ್ತನಾದವನು ವಿಳಂಬಿಸುವುದು ಅನ್ಯಾಯವೆಂಬ ಪ್ರವಾದಿ(ಸ)ರ ಮಾತೂ ಅದೇ ಹದೀಸ್ ಗ್ರಂಥಗಳಲ್ಲಿದೆ. ಈ ಎರಡನೆಯ ಮಾತನ್ನು ನಮ್ಮ ಮಧ್ಯಸ್ಥಿಕೆಗಳಲ್ಲಿ ಯಾರೂ ಎತ್ತುವುದಿಲ್ಲ.

ಇನ್ನೊಂದು ಹದೀಸ್ ಈ ವಿಷಯದ ಹೃದಯಕ್ಕೇ ಕೈಹಾಕುತ್ತದೆ. ದಿವಾಳಿಯಾದವನ ಬಳಿ ತನ್ನದೇ ವಸ್ತುವನ್ನು ಯಾರಾದರೂ ಇದ್ದ ಹಾಗೆಯೇ ಕಂಡರೆ, ಇತರ ಸಾಲಗಾರರಿಗಿಂತ ಅದರ ಮೇಲೆ ಅವನಿಗೇ ಹೆಚ್ಚು ಹಕ್ಕು ಎಂದು ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ. ವಸ್ತು ಗುರುತು ಹಿಡಿಯುವಂತೆ ಪ್ರತ್ಯೇಕವಾಗಿದ್ದರೆ ಅದು ನಿನ್ನದು. ಬೇರೆಯವರದ್ದರ ಜೊತೆ ಬೆರೆತುಹೋದರೆ ನೀನು ಸಾಲಿನಲ್ಲಿ ನಿಲ್ಲುವ ಇನ್ನೊಬ್ಬ. ಬ್ರಿಟನ್ನಿನ ನಿಧಿ, ರೇರಾದ ಪ್ರತ್ಯೇಕ ಖಾತೆ ಎಲ್ಲವೂ ಸುತ್ತಿ ಬರುವುದು ಇದೇ ಜಾಗಕ್ಕೆ. ಯಾತ್ರಿಕನ ಹಣ ಅವನ ಪ್ರಯಾಣ ಮುಗಿಯುವ ತನಕ ಬೆರೆಯದೆ ಉಳಿಯಬೇಕು.

ಫಿಕ್ಹ್ ಬಲ್ಲವರು ಇಲ್ಲಿ ತಡೆಯಬಹುದು: ಪ್ಯಾಕೇಜಿನ ಮುಂಗಡ ಅಮಾನತ್ ಅಲ್ಲ, ಅದು ಸೇವೆಯ ಬೆಲೆ, ಕೊಟ್ಟ ಮೇಲೆ ವ್ಯಾಪಾರಿಯ ಸೊತ್ತು. ಸರಿ, ಹಾಗೆಯೇ ಇರಲಿ. ಆಗ ಸೇವೆ ಅವನ ಕೊರಳಿಗೆ ಬಿದ್ದ ಸಾಲವಾಯಿತು, ಮತ್ತು ಮುಂಗಡ ವ್ಯಾಪಾರಕ್ಕೆ ಪ್ರವಾದಿ(ಸ) ವಿಧಿಸಿದ ಷರತ್ತು ಅನ್ವಯವಾಗುತ್ತದೆ. ಮದೀನಾದ ಜನರು ಎರಡು ಮೂರು ವರ್ಷ ಮೊದಲೇ ಖರ್ಜೂರಕ್ಕೆ ಹಣ ಕೊಡುತ್ತಿದ್ದಾಗ, ಅಳತೆ, ತೂಕ, ಅವಧಿ ಮೂರೂ ನಿಗದಿಯಾಗಿರಬೇಕೆಂದು ಅವರು ತಾಕೀತು ಮಾಡಿದ್ದರು. ನಮ್ಮ ಕರಪತ್ರಗಳಲ್ಲಿ 'ಹರಮ್‌ಗೆ ಹತ್ತಿರದ ಹೋಟೆಲ್' ಎಂದಿರುತ್ತದೆ. ಎಷ್ಟು ಮೀಟರ್? ಯಾವ ಹೋಟೆಲ್? ಕೋಣೆಗೆ ಎಷ್ಟು ಜನ? ಯಾವ ವಿಮಾನ? ಆ ಏಜೆನ್ಸಿಯ ಫ್ಲೆಕ್ಸ್‌ನಲ್ಲಂತೂ ದಪ್ಪ ಅಕ್ಷರದಲ್ಲಿ, ನಿಮ್ಮ ಹಣ ನಮ್ಮಲ್ಲಿ ಅಮಾನತ್ ಎಂದು ಬರೆದಿತ್ತು. ಅಮಾನತ್ ಎಂದಾದರೆ, ಇಟ್ಟವನ ಅನುಮತಿಯಿಲ್ಲದೆ ಸ್ವಂತ ಹಣದೊಂದಿಗೆ ಬೆರೆಸಿದವನು ನಷ್ಟಕ್ಕೆ ಹೊಣೆಗಾರನಾಗುತ್ತಾನೆ ಎಂಬುದು ಫಿಕ್ಹ್ ವಿದ್ವಾಂಸರ ಮಾತು. ಬೆಲೆ ಎಂದಾದರೆ ಸಾಲಗಾರ. ಎರಡರಲ್ಲಿ ಯಾವುದನ್ನಾದರೂ ಆರಿಸಿಕೊಳ್ಳಲಿ. ಹಣ ಪಡೆಯುವಾಗ ಅಮಾನತ್, ಕೇಳಲು ಹೋದಾಗ ವಿಧಿ ಎಂಬ ಮೂರನೆಯ ದಾರಿ ಶರೀಅತ್‌ನಲ್ಲಿ ಇಲ್ಲ.

ಅವನ ಪರವಾಗಿ ಮಾತನಾಡಿದ ಒಬ್ಬರು ಇನ್ನೊಂದು ವಾದ ತಂದರು: ಇದು ಇಬಾದತ್, ಇದನ್ನು ಗ್ರಾಹಕ ವ್ಯಾಜ್ಯ ಮಾಡಬಾರದು. ನನಗೆ ನಗು ಬಂತು. ಹಜ್ಜ್, ಉಮ್ರಾ ಯಾತ್ರೆ ಏರ್ಪಡಿಸುವುದು ಧಾರ್ಮಿಕ ಕಾರ್ಯ, ಅದಕ್ಕೆ ಜಿಎಸ್‌ಟಿ ಬೇಡ ಎಂದು ಖಾಸಗಿ ಆಯೋಜಕರೇ ಸುಪ್ರೀಮ್ ಕೋರ್ಟಿಗೆ ಹೋಗಿದ್ದರು. 2022ರ ಜುಲೈಯಲ್ಲಿ ಕೋರ್ಟ್ ಆ ಅರ್ಜಿಗಳನ್ನು ವಜಾ ಮಾಡಿತು. ಉಮ್ರಾ ಮಾಡುವುದು ಯಾತ್ರಿಕನ ಇಬಾದತ್. ಟಿಕೆಟ್, ಹೋಟೆಲ್, ಬಸ್ಸು ಒದಗಿಸುವುದು ಮಾರಾಟಕ್ಕಿಟ್ಟ ಸೇವೆ. ನಮ್ಮಿಂದ ಪ್ಯಾಕೇಜಿನ ಜೊತೆ ಜಿಎಸ್‌ಟಿ ವಸೂಲು ಮಾಡುವಾಗ ಸೇವೆಯಾಗಿದ್ದದ್ದು ದೂರು ಕೊಡುವಾಗ ಇಬಾದತ್ ಆಗಿಬಿಡುವುದಿಲ್ಲ.

ಮಾನದ ಮಾತಿಗೆ ಬರುತ್ತೇನೆ. ಸಮುದಾಯದ ಮಾನ ಹೋಗುವುದು ದೂರಿನಿಂದಲೋ, ವಂಚನೆಯಿಂದಲೋ? ಬೆಂಗಳೂರಿನ ಐ.ಎಂ.ಎ. ಹಗರಣ ನೆನಪಿದೆಯಷ್ಟೇ. 2019ರ ಜೂನ್‌ನಲ್ಲಿ ಅದು ಬಯಲಾಗುವ ಮೊದಲು ಪ್ರಶ್ನೆ ಎತ್ತಿದವರಿಗೂ ಇದೇ ಮಾತು ಹೇಳಲಾಗಿತ್ತು: ನಮ್ಮವನು, ಹಲಾಲ್ ಲಾಭ, ಸಮುದಾಯಕ್ಕೆ ಶಾಲೆ ಕಟ್ಟಿಸುತ್ತಿದ್ದಾನೆ, ಬಾಯಿ ಮುಚ್ಚಿ. ಕೊನೆಗೆ ಶಿವಾಜಿನಗರದಲ್ಲಿ ದೂರು ಬರೆಸಲು ನಿಂತ ಸರದಿಯಲ್ಲಿ ಇದ್ದವರು ಯಾರು? ಹೆಣ್ಣುಮಕ್ಕಳು, ನಿವೃತ್ತರು, ಮಗಳ ಮದುವೆಗೆಂದು ಕೂಡಿಟ್ಟವರು. ಆ ಮೌನದ ಬೆಲೆಯನ್ನು ಹತ್ತಾರು ಸಾವಿರ ಮನೆಗಳು ತೆತ್ತವು. ನಾವು ಅದರಿಂದ ಕಲಿತದ್ದೇನು? ಈಗ ಕೆಲವು ಕಡೆ 'ಉಮ್ರಾ ಸ್ಕೀಮ್' ಬಂದಿದೆಯಂತೆ. ತಿಂಗಳಿಗೆ ಇಷ್ಟು ಕಟ್ಟುವುದು, ಚೀಟಿ ಎತ್ತುವುದು, ಹೆಸರು ಬಂದವನಿಗೆ ಉಮ್ರಾ, ಅವನು ಮುಂದೆ ಕಂತು ಕಟ್ಟಬೇಕಿಲ್ಲ. ಬಹುಮಾನದ ಚೀಟಿಗಳನ್ನು 1978ರಲ್ಲೇ ಕಾನೂನು ನಿಷೇಧಿಸಿದೆ. ಅದು ಜೂಜಿಗೆ ಎಷ್ಟು ಹತ್ತಿರ ಎಂಬುದನ್ನು ಉಲಮಾಗಳು ಬಿಡಿಸಿ ಹೇಳಲಿ. ಕಅಬಾದ ಚಿತ್ರ ಹಾಕಿದ ಮಾತ್ರಕ್ಕೆ ಚೀಟಿ ಹಲಾಲ್ ಆಗುವುದಿಲ್ಲ.

ಮಸೀದಿ ಕಮಿಟಿಗಳನ್ನು ನಾನು ನೇರವಾಗಿ ಕೇಳಬೇಕಾಗಿದೆ. ಗೇಟಿನ ಬಳಿ ಉಮ್ರಾ ಏಜೆನ್ಸಿಯ ಫ್ಲೆಕ್ಸ್ ಕಟ್ಟಲು ಒಪ್ಪಿಗೆ ಕೊಡುವವರು ನೀವು. ಜುಮಾ ಬಳಿಕ ಕರಪತ್ರ ಹಂಚಲು ಬಿಡುವವರು ನೀವು. ಗುಂಪಿಗೆ ಮೂವತ್ತು ಜನ ಸೇರಿಸಿಕೊಟ್ಟರೆ ಉಸ್ತಾದರಿಗೆ ಒಂದು ಸೀಟು ಉಚಿತ ಎಂಬ ಏರ್ಪಾಡು ಎಷ್ಟು ಕಡೆ ಇದೆ ಎಂಬುದು ನಿಮಗೆ ತಿಳಿಯದ್ದೇನಲ್ಲ. ಸೇರಿಸಿದ ಜನರ ಹಣ ಮುಳುಗಿದಾಗ ಆ ಉಚಿತ ಸೀಟಿನ ಹೊಣೆ ಯಾರದ್ದು? ಧಾನ್ಯದ ರಾಶಿಯೊಳಗೆ ಕೈ ಹಾಕಿ, ಒದ್ದೆಯನ್ನು ಅಡಿಯಲ್ಲಿ ಯಾಕೆ ಇಟ್ಟೆ ಎಂದು ವ್ಯಾಪಾರಿಯನ್ನು ಪೇಟೆಯ ನಡುವೆಯೇ ಪ್ರಶ್ನಿಸಿದ ಪ್ರವಾದಿ(ಸ)ರ ಅನುಯಾಯಿಗಳು ನಾವು. ಫ್ಲೆಕ್ಸ್ ಕಟ್ಟುವ ಮೊದಲು ನಾಲ್ಕು ಪ್ರಶ್ನೆ ಕೇಳಲು ನಮಗೆ ಸಂಕೋಚ. ನೋಂದಣಿ ಎಲ್ಲಿ? ಯಾತ್ರಿಕರ ಹಣಕ್ಕೆ ಬೇರೆ ಖಾತೆ ಇದೆಯೇ? ಹಣ ಪಡೆದ ದಿನವೇ ಜಿಎಸ್‌ಟಿ ಸಂಖ್ಯೆಯಿರುವ ರಸೀದಿ ಕೊಡುತ್ತೀರಾ? ಹೆಸರಿಗೆ ಟಿಕೆಟ್ ಆದ ಮೇಲೆ ಉಳಿದ ಕಂತು ಎಂಬ ಷರತ್ತಿಗೆ ಒಪ್ಪುತ್ತೀರಾ? ಪ್ರಾಮಾಣಿಕ ಏಜೆಂಟರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ತಮ್ಮ ಕೈಯಿಂದ ಹಣ ಹಾಕಿ ಯಾತ್ರಿಕರನ್ನು ಮರಳಿ ಕರೆತಂದವರನ್ನು ನಾನೇ ಬಲ್ಲೆ. ಈ ಪ್ರಶ್ನೆಗಳಿಗೆ ಅವರು ಬೇಸರಿಸುವುದಿಲ್ಲ. ಹೀಗೆಲ್ಲ ನಿಯಮ ಮಾಡಿದರೆ ಪ್ಯಾಕೇಜಿನ ದರ ಏರುತ್ತದೆ ಎಂಬ ಆಕ್ಷೇಪವೂ ಇದೆ. ಏರಲಿ. ಸಾವಿರ ರೂಪಾಯಿ ಹೆಚ್ಚು ಕೊಟ್ಟು ಹೋಗುವುದೂ ತೊಂಬತ್ತೆರಡು ಸಾವಿರ ಕೊಟ್ಟು ಮನೆಯಲ್ಲೇ ಕೂರುವುದೂ ಒಂದೇ ಅಲ್ಲ.

ಸಾಲದ ವ್ಯವಹಾರವನ್ನು ಬರೆದಿಡಿ, ಸಾಕ್ಷಿಗಳನ್ನಿಡಿ ಎಂದು ಬೋಧಿಸುವ ವಚನವೇ ಕುರ್‌ಆನ್‌ನ ಅತಿ ದೀರ್ಘ ವಚನ. ಅದನ್ನು ರಮಝಾನ್‌ನಲ್ಲಿ ಸುಶ್ರಾವ್ಯವಾಗಿ ಓದುವ ನಾವು ವಿಸಿಟಿಂಗ್ ಕಾರ್ಡಿನ ಹಿಂಬದಿಯನ್ನು ರಸೀದಿ ಎಂದು ಒಪ್ಪುತ್ತೇವೆ. ಒಂಟೆಯನ್ನು ಕಟ್ಟಿ ಆಮೇಲೆ ತವಕ್ಕುಲ್ ಮಾಡು ಎಂಬ ಉಪದೇಶವನ್ನು ಭಾಷಣಗಳಲ್ಲಿ ಎಷ್ಟು ಬಾರಿ ಕೇಳಿಲ್ಲ!

ಈಗಾಗಲೇ ಹಣ ಕಳೆದುಕೊಂಡಿರುವವರಿಗಾಗಿ, ನಾನು ಓಡಾಡಿ ತಿಳಿದುಕೊಂಡದ್ದನ್ನು ಹೇಳುತ್ತೇನೆ. ಶಟರ್ ಎಳೆದು ಧ್ವನಿಸಂದೇಶ ಕಳಿಸಿದ ಕೂಡಲೇ ಯಾರೂ ದಿವಾಳಿಯಾಗುವುದಿಲ್ಲ. ಅದು ಕಾನೂನಿನ ಪ್ರಕ್ರಿಯೆಯ ಮೂಲಕ ತೀರ್ಮಾನವಾಗಬೇಕಾದ ಸ್ಥಿತಿ. ನಮ್ಮ ಊರುಗಳ ಅನೇಕ ಉಮ್ರಾ ಏಜೆನ್ಸಿಗಳು ಕಂಪೆನಿಗಳೇ ಅಲ್ಲ, ಒಬ್ಬನ ಮಾಲಕತ್ವದ ಅಂಗಡಿಗಳು. ಅಂಗಡಿ ಮುಚ್ಚಿದರೂ ಸಾಲ ಮಾಲಕನ ಹೆಗಲ ಮೇಲೆಯೇ, ಅವನ ಮನೆ, ಜಾಗ, ಕಾರಿನ ಮೇಲೆಯೇ ಉಳಿಯುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರ ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಏಜೆನ್ಸಿಯ ಊರಿಗೆ ಅಲೆಯಬೇಕಿಲ್ಲ. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರೇ ಬೇಕೆಂದಿಲ್ಲ. ಇ-ಜಾಗೃತಿ ಜಾಲತಾಣದ ಮೂಲಕ ಮನೆಯಿಂದಲೇ ಸಲ್ಲಿಸಬಹುದು. 1915 ಗ್ರಾಹಕ ಸಹಾಯವಾಣಿಯ ಸಂಖ್ಯೆ. ಎರಡು ವರ್ಷ ದಾಟಬಾರದು. 'ಮಧ್ಯಸ್ಥಿಕೆ ನಡೆಯುತ್ತಿದೆ, ಸ್ವಲ್ಪ ಕಾಯಿರಿ' ಎನ್ನುವವರ ಮಾತು ಕೇಳಿ ಆ ಅವಧಿ ಕಳೆದುಹೋದವರಿದ್ದಾರೆ, ಇದನ್ನು ಮರೆಯದಿರಿ. ಮೊದಲಿನಿಂದಲೂ ವಂಚಿಸುವ ಉದ್ದೇಶವಿತ್ತೆಂದು ಕಂಡರೆ, ಅಥವಾ ನಂಬಿಸಿ ಪಡೆದ ಹಣವನ್ನು ಬೇರೆಡೆ ಬಳಸಿದ್ದರೆ, ಭಾರತೀಯ ನ್ಯಾಯ ಸಂಹಿತೆಯ 316 ಮತ್ತು 318ನೆಯ ಕಲಮುಗಳು ಪೊಲೀಸರ ಮುಂದಿವೆ. ನಿಜವಾದ ಕಂಪೆನಿಯೊಂದು ನ್ಯಾಯಮಂಡಳಿಯ ಮುಂದೆ ದಿವಾಳಿಯಾಗಿದ್ದರೆ ಪತ್ರಿಕಾ ಪ್ರಕಟಣೆ ಬರುತ್ತದೆ. ಅದರಲ್ಲಿ ಹೇಳಿದ ದಿನದೊಳಗೆ ನಿಮ್ಮ ಬಾಕಿಯನ್ನು ದಾಖಲಿಸಬೇಕು. ಪಾತ್ರೆಯ ತಳ ಕಾಣುತ್ತದೆ ಎಂದು ಮೇಲೆ ಹೇಳಿದೆ, ಆದರೂ ಹೆಸರೇ ಇಲ್ಲದವನಿಗೆ ಅದೂ ಇಲ್ಲ.

ಸರಕಾರದ ಬಳಿ ಕೇಳಬೇಕಾದದ್ದು ಹೆಚ್ಚೇನಿಲ್ಲ. ಉಮ್ರಾ ಏಜೆನ್ಸಿಗಳಿಗೆ ಕಡ್ಡಾಯ ನೋಂದಣಿ, ಯಾತ್ರಿಕರ ಹಣಕ್ಕೆ ರೇರಾ ಮಾದರಿಯ ಪ್ರತ್ಯೇಕ ಖಾತೆ, ತಲೆಗೆ ಇಂತಿಷ್ಟರಂತೆ ಒಂದು ರಕ್ಷಣಾ ನಿಧಿ. ಇದು ಮುಸ್ಲಿಮರಿಗೆ ಮಾತ್ರ ಬೇಕಾದದ್ದೂ ಅಲ್ಲ. ಕಾಶಿಗೆ, ಜೆರುಸಲೇಮಿಗೆ, ದುಬೈಗೆ ಹೋಗಲೆಂದು ಮುಂಗಡ ಕೊಟ್ಟವರೂ ಇದೇ ಪಂಕ್ತಿಯ ಕೊನೆಯಲ್ಲಿದ್ದಾರೆ. ನಮ್ಮ ಶಾಸಕರು ಹಜ್ಜ್ ಭವನದ ಉದ್ಘಾಟನೆಗಳಲ್ಲಿ ಶಾಲು ಹೊದ್ದುಕೊಳ್ಳುವಾಗ ಈ ಮಾತನ್ನು ಅವರ ಕಿವಿಗೆ ಹಾಕಲು ಯಾರಿಗೂ ಪರವಾನಿಗೆ ಬೇಕಾಗಿಲ್ಲ.

ಮಸೀದಿಯ ಸಭೆ ಮುಗಿದು ನಾಲ್ಕು ತಿಂಗಳ ಬಳಿಕ ಮೂವತ್ತನಾಲ್ಕು ಮಂದಿಯಲ್ಲಿ ಹನ್ನೊಂದು ಮಂದಿ ದೂರಿಗೆ ಸಹಿ ಹಾಕಿದರು. ಉಳಿದವರು ಇನ್ನೂ ಸಬ್‌ರ್ ಮಾಡುತ್ತಿದ್ದಾರೆ. ಹನ್ನೊಂದರಲ್ಲಿ ಏಳು ಮಂದಿ ಹೆಂಗಸರು. ಆ ನಾದಿನಿಯ ಮಗನೇ ದೂರನ್ನು ಕನ್ನಡದಲ್ಲಿ ಬರೆದು ಅಪ್‌ಲೋಡ್ ಮಾಡಿಕೊಟ್ಟ. ವಿಚಾರಣೆಯ ದಿನಾಂಕ ಬಂದಿದೆ ಎಂದು ಚಿಕ್ಕಮ್ಮನಿಗೆ ಫೋನ್ ಮಾಡಿ ಹೇಳಿದಾಗ ಅವರು ಕೇಳಿದ್ದು ಒಂದೇ: "ಅಲ್ಲಿ ಕೂರಲು ಕುರ್ಚಿ ಇರುತ್ತದಾ ಮಗಾ? ಮೊಣಕಾಲು ನೋವು, ತುಂಬಾ ಹೊತ್ತು ನಿಲ್ಲಲಿಕ್ಕೆ ಆಗುವುದಿಲ್ಲ."